ಆರ್.ಎಸ್. ಪುರದ ಬೀದಿಗಳಲ್ಲಿ ಗಿಡ, ಮರ, ಹಕ್ಕಿ

ಮರಗಳನ್ನೂ ಪಕ್ಷಿಗಳನ್ನೂ ಕಾಣಬೇಕಾದರೆ ನೀಲಗಿರಿಗೋ ಆನೆಮಲೆಗೋ ಹೋಗಬೇಕೆಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಉಂಟು. ಕೊಯಮತ್ತೂರಿನಲ್ಲಿ ವಾಸಿಸುವವರಿಗಂತೂ ಇದು ಸಹಜವೇ. ಮಳೆ ನಿಂತ ಬೆಳಗಿನಲ್ಲಿ ಪಶ್ಚಿಮದ ಕಡೆ ಕಣ್ಣು ಹಾಯಿಸಿದರೆ ಸಾಕು, ಬೆಟ್ಟಗಳ ಸಾಲು ಎದುರಿಗೇ ನಿಲ್ಲುತ್ತದೆ. ಆದರೆ ಬೆಟ್ಟಕ್ಕೆ ನಾವು ವರ್ಷಕ್ಕೊಮ್ಮೆ ಹೋಗುತ್ತೇವೆ. ಶಾಲೆಗೆ, ಅಂಗಡಿಗೆ, ದೇವಸ್ಥಾನಕ್ಕೆ ನಡೆಯುವ ಬೀದಿಯನ್ನಾದರೋ ದಿನಕ್ಕೆ ಎರಡು ಬಾರಿ ತುಳಿಯುತ್ತೇವೆ. ಆ ಬೀದಿಯಲ್ಲಿ ಯಾವ ಯಾವ ಮರಗಳಿವೆ, ಅವುಗಳ ಮೇಲೆ ಯಾವ ಹಕ್ಕಿಗಳು ಕೂರುತ್ತವೆ, ಏತಕ್ಕಾಗಿ ಕೂರುತ್ತವೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಆದುದರಿಂದ ಇಲ್ಲಿ ಆರ್.ಎಸ್. ಪುರಂ ಎಂಬ ಒಂದೇ ಬಡಾವಣೆಯನ್ನು ತೆಗೆದುಕೊಂಡು, ಅದರ ಬೀದಿಗಳಲ್ಲಿ ಅರ್ಧ ಗಂಟೆ ನಡೆದರೆ ಕಾಣುವುದೇನು, ಕಂಡದ್ದನ್ನು ಅರಿಯುವ ಬಗೆ ಹೇಗೆ ಎಂಬುದನ್ನು ವಿವರಿಸಲು ಯತ್ನಿಸುತ್ತೇವೆ.

ಈ ಕಾರ್ಯದಲ್ಲಿ ಕನ್ನಡ ಮನೆಯ ಮಕ್ಕಳಿಗೆ ಒಂದು ವಿಶೇಷ ಅನುಕೂಲವಿದೆ. ಕೊಯಮತ್ತೂರಿನ ಕನ್ನಡಿಗರು ನಿನ್ನೆ ಮೊನ್ನೆ ಬಂದವರಲ್ಲ. ದೇವಾಂಗರೂ ಒಕ್ಕಲಿಗರೂ ತಲೆತಲಾಂತರದಿಂದ ಮನೆಯಲ್ಲಿ ಕನ್ನಡವನ್ನೇ ಆಡುತ್ತ ಈ ಸೀಮೆಯಲ್ಲಿ ನೆಲೆಸಿದ್ದಾರೆ. 1799ರವರೆಗೆ ಈ ಪ್ರಾಂತ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಹೀಗಾಗಿ ನಮ್ಮ ಮಕ್ಕಳು ಒಂದೇ ಮರಕ್ಕೆ ಮನೆಯಲ್ಲಿ ಒಂದು ಹೆಸರನ್ನೂ ಬೀದಿಯಲ್ಲಿ ಇನ್ನೊಂದು ಹೆಸರನ್ನೂ ಕೇಳುತ್ತಾರೆ. ಎರಡು ಹೆಸರುಗಳನ್ನು ಬಲ್ಲವನು ಆ ಮರವನ್ನು ಎರಡು ಬಾರಿ ನೋಡಿದಂತೆ. ಆದರೆ ಈಗೀಗ ಮನೆಯ ಹೆಸರು ಮರೆಯಾಗುತ್ತಿದೆ. ಬೀದಿಯ ಹೆಸರೂ ಪೂರ್ತಿಯಾಗಿ ನಾಲಗೆಗೆ ಹತ್ತುತ್ತಿಲ್ಲ. ಕೊನೆಗೆ ಉಳಿಯುವುದು ಬರಿಯ ‘ಮರ’, ಬರಿಯ ‘ಹಕ್ಕಿ’.

ಮೊದಲು ಸ್ಥಳದ ಪರಿಚಯ. ಆರ್.ಎಸ್. ಪುರಂ ಎಂದರೆ ರತ್ನಸಭಾಪತಿ ಪುರಂ. ನಗರದ ಪುರಸಭೆಯ ಅಧ್ಯಕ್ಷರಾಗಿ, ಸಿರುವಾಣಿಯ ನೀರನ್ನು ಊರಿಗೆ ತರುವುದರಲ್ಲಿ ಶ್ರಮಿಸಿದವರೆಂದು ಹೆಸರಾದ ರತ್ನಸಭಾಪತಿ ಮುದಲಿಯಾರರ ನೆನಪಿಗಾಗಿ ಈ ಹೆಸರು ಬಂದಿತು. ಬೆಟ್ಟದ ಆ ಸಿಹಿನೀರು ನಗರವನ್ನು ತಲುಪಿದ್ದು 1930ರ ಆಸುಪಾಸಿನಲ್ಲಿ. ಅಗಲವಾದ ನೇರ ಬೀದಿಗಳು, ಅಂಗಳವಿಟ್ಟು ಕಟ್ಟಿದ ಮನೆಗಳು, ಅಂಗಳಕ್ಕೊಂದು ಕೈತೋಟ ಎಂಬ ಕ್ರಮದಲ್ಲಿ ಈ ಬಡಾವಣೆ ಬೆಳೆಯಿತು. ಕೈತೋಟಕ್ಕೆ ನೀರು ಬೇಕಷ್ಟೆ. ಅದಿಲ್ಲದೆ ಇಲ್ಲಿಯ ದಾಸವಾಳ, ಮಲ್ಲಿಗೆ, ಕರಿಬೇವುಗಳ ಮಾತೇ ಇಲ್ಲ. ಏಕೆಂದರೆ ಕೊಯಮತ್ತೂರು ಹೆಚ್ಚು ಮಳೆಯ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿರುವ ಈ ನಗರಕ್ಕೆ ವರ್ಷದಲ್ಲಿ ಬೀಳುವ ಮಳೆ ಸುಮಾರು 60ರಿಂದ 70 ಸೆಂಟಿಮೀಟರ್ ಮಾತ್ರ. ಅದರಲ್ಲಿಯೂ ದೊಡ್ಡ ಪಾಲು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಬೀಳುತ್ತದೆ. ಪಶ್ಚಿಮಘಟ್ಟಗಳ ಸಾಲು ಪಾಲಕ್ಕಾಡಿನ ಬಳಿ ತುಂಡಾಗಿ ಒಂದು ಕಣಿವೆ ಏರ್ಪಟ್ಟಿರುವುದರಿಂದ, ಜೂನ್ ತಿಂಗಳಿನಿಂದ ಅದರ ಮೂಲಕ ತಂಪುಗಾಳಿ ಮಾತ್ರ ಧಾರಾಳವಾಗಿ ಬೀಸುತ್ತದೆ. ಮಳೆ ಕಡಿಮೆ, ಗಾಳಿ ಹೆಚ್ಚು: ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಬೀದಿಯ ಮರಗಳ ನಡವಳಿಕೆ ತಿಳಿಯುವುದು ಸುಲಭ.

ಇನ್ನು ನಡೆಯೋಣ. ರಸ್ತೆಯ ಬದಿಯ ದೊಡ್ಡ ನೆರಳುಮರಗಳಲ್ಲಿ ಅನೇಕವು ಹೊರನಾಡುಗಳಿಂದ ಬಂದವು. ಬೇಸಗೆಯಲ್ಲಿ ಕೆಂಪಾಗಿ ಉರಿಯುವ ಗುಲ್ಮೊಹರ್ ಮಡಗಾಸ್ಕರ್ ದ್ವೀಪದ್ದು. ಅದರ ಹೂವಿಗೆ ಐದು ಎಸಳುಗಳು. ನಾಲ್ಕು ಕೆಂಪು, ಐದನೆಯದು ಬಿಳಿಯ ಮೇಲೆ ಚುಕ್ಕೆ ಬಿದ್ದದ್ದು. ಅದರ ಕೇಸರಗಳನ್ನು ಕೊಂಡಿ ಹಾಕಿ ‘ಕೋಳಿಜಗಳ’ವಾಡದ ಮಕ್ಕಳು ಕಡಿಮೆ, ಆದರೆ ಆ ಐದನೆಯ ಎಸಳನ್ನು ಗಮನಿಸಿದವರು ಇನ್ನೂ ಕಡಿಮೆ. ಮೊಗ್ಗನ್ನು ಹಿಸುಕಿದರೆ ನೀರು ಚಿಮ್ಮುವ ನೀರುಕಾಯಿ ಮರ ಆಫ್ರಿಕದ್ದು. ಹಳದಿ ಹೂವಿನ ಪೆಲ್ಟೊಫೋರಂ ಪೂರ್ವ ದೇಶಗಳದ್ದು. ಇವೆಲ್ಲ ಕಣ್ಣಿಗೆ ತಾವೇ ಬೀಳುವ ಮರಗಳಾದುದರಿಂದ ಇವನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ.

ಮಳೆಮರದ ಸಂಗತಿ ಹಾಗಲ್ಲ. ಇದು ಅಮೆರಿಕ ಖಂಡದ ಉಷ್ಣವಲಯದಿಂದ ಬಂದುದು. ಕೊಡೆಯಂತೆ ಹರಡಿ, ಒಂದೇ ಮರ ರಸ್ತೆಯ ಈ ಬದಿಯಿಂದ ಆ ಬದಿಗೆ ನೆರಳು ನೀಡುತ್ತದೆ. ಕನ್ನಡದಲ್ಲಿ ಮಳೆಮರ, ತಮಿಳರು ಇದಕ್ಕೆ ಕೊಟ್ಟ ಹೆಸರು ‘ತೂಂಗುಮೂಂಜಿ ಮರಂ’, ಎಂದರೆ ನಿದ್ದೆಮೋರೆಯ ಮರ. ಈ ಹೆಸರನ್ನು ಕೇಳಿ ನಗುವ ಮಕ್ಕಳು ಸಂಜೆ ಆರು ಗಂಟೆಯ ಮೇಲೆ ಒಮ್ಮೆ ಮರವನ್ನು ದಿಟ್ಟಿಸಬೇಕು. ಹಗಲಿನಲ್ಲಿ ಅಗಲವಾಗಿ ಹರಡಿದ್ದ ಕಿರುಎಲೆಗಳು ಜೋಡಿ ಜೋಡಿಯಾಗಿ ಮಡಿಚಿ ಜೋತುಬಿದ್ದಿರುತ್ತವೆ. ಮೋಡ ಕವಿದು ಮಳೆ ಬರುವ ಹೊತ್ತಿನಲ್ಲಿಯೂ ಹಾಗೆಯೇ ಮಡಿಚುತ್ತವೆ. ಎಲೆಯ ತೊಟ್ಟಿನ ಬುಡದಲ್ಲಿ ಸಣ್ಣ ಗಂಟಿನಂತೆ ಉಬ್ಬಿದ ಭಾಗವೊಂದಿದೆ. ಅದರ ಒಂದು ಮಗ್ಗುಲಿನ ಜೀವಕಣಗಳಿಂದ ನೀರು ಇನ್ನೊಂದು ಮಗ್ಗುಲಿಗೆ ಸರಿದಾಗ ಎಲೆ ಮಡಿಚುತ್ತದೆ, ನೀರು ಮರಳಿದಾಗ ಬಿಚ್ಚುತ್ತದೆ. ಮುಟ್ಟಿದರೆ ಮುನಿ ಗಿಡದಲ್ಲಿ ಕ್ಷಣಮಾತ್ರದಲ್ಲಿ ನಡೆಯುವ ವ್ಯಾಪಾರವೇ ಇಲ್ಲಿ ನಿಧಾನವಾಗಿ ನಡೆಯುತ್ತದೆ. ಎಲೆ ಮಡಿಚಿದಾಗ ಮಳೆನೀರು ತಡೆಯಿಲ್ಲದೆ ಬುಡಕ್ಕೆ ಇಳಿಯುತ್ತದೆ. ಕನ್ನಡದವರು ಫಲವನ್ನು ನೋಡಿ ಹೆಸರಿಟ್ಟರು, ತಮಿಳರು ಮುಖವನ್ನು ನೋಡಿ ಹೆಸರಿಟ್ಟರು ಎನ್ನಬಹುದು.

ನಮ್ಮ ನಾಡಿನದೇ ಆದ ಮರಗಳ ಹೆಸರುಗಳಿಗೆ ಬಂದರೆ ಇನ್ನೊಂದು ಸ್ವಾರಸ್ಯವಿದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ಹಿರಿಯ ತರಗತಿಯ ಮಕ್ಕಳು ವ್ಯಾಕರಣದಲ್ಲಿ ಓದಿರುತ್ತಾರೆ: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ತಮಿಳಿನಲ್ಲಿ ಆ ಪಕಾರ ಇಂದಿಗೂ ಹಾಗೆಯೇ ನಿಂತಿದೆ. ಆದುದರಿಂದ ಬೀದಿಯಲ್ಲಿ ‘ಪುಂಗ ಮರಂ’ ಎಂದು ಕೇಳಿದರೆ ಅದು ನಮ್ಮ ಹೊಂಗೆ; ‘ಪುಳಿಯ ಮರಂ’ ನಮ್ಮ ಹುಣಿಸೆ; ‘ಪಲಾ’ ನಮ್ಮ ಹಲಸು; ‘ಪೂವರಸು’ ನಮ್ಮ ಹೂವರಸಿ. ಆಕಾಶದಲ್ಲಿ ಸುತ್ತುವ ‘ಪರುಂದು’ ನಮ್ಮ ಹದ್ದು. ವ್ಯಾಕರಣದ ಸೂತ್ರ ಪುಸ್ತಕದಲ್ಲಿ ಒಣಗಿ ಕಾಣುತ್ತದೆ. ಬೀದಿಯಲ್ಲಿ ಅದಕ್ಕೇ ಎಲೆಯೂ ರೆಕ್ಕೆಯೂ ಬಂದಿರುತ್ತವೆ. 1800ರಲ್ಲಿ ಮೈಸೂರಿನಿಂದ ಹೊರಟು ಕೊಯಮತ್ತೂರಿನ ಮಾರ್ಗವಾಗಿ ಮಲಬಾರಿಗೆ ಪ್ರಯಾಣ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಸಸ್ಯಶಾಸ್ತ್ರವನ್ನೂ ಬಲ್ಲವನಾದುದರಿಂದ, ದಾರಿಯುದ್ದಕ್ಕೂ ಬೆಳೆಗಳ ಮತ್ತು ಮರಗಳ ದೇಶೀಯ ಹೆಸರುಗಳನ್ನು ಕೇಳಿ ಕೇಳಿ ಬರೆದುಕೊಂಡನು. ಹೆಸರು ಕೇಳುವುದರಿಂದಲೇ ಪರಿಚಯ ಪ್ರಾರಂಭವಾಗುತ್ತದೆಂಬುದು ಅವನಿಗೆ ಗೊತ್ತಿತ್ತು.

ಆದರೆ ಎರಡು ಭಾಷೆಯ ಹೆಸರುಗಳು ಎಲ್ಲೆಡೆಯೂ ಹೀಗೆ ಕೈಕೈ ಹಿಡಿದು ನಡೆಯುವುದಿಲ್ಲ. ಒಂದು ಕಡೆ ದಾರಿ ತಪ್ಪಿಸುತ್ತವೆ. ಅದನ್ನು ತಂದೆತಾಯಿಗಳು ವಿಶೇಷವಾಗಿ ಗಮನಿಸಬೇಕು. ಕನ್ನಡದಲ್ಲಿ ಅರಳಿ ಎಂದರೆ ಅಶ್ವತ್ಥವೃಕ್ಷ. ನಾವು ಪ್ರದಕ್ಷಿಣೆ ಹಾಕುವ ಮರ. ತಮಿಳಿನಲ್ಲಿ ಅದಕ್ಕೆ ‘ಅರಸ ಮರಂ’ ಎಂದು ಹೆಸರು. ತಮಿಳಿನಲ್ಲಿ ‘ಅರಳಿ’ ಎಂದರೆ ಬೇರೆಯೇ ಗಿಡ. ಅದು ನಮ್ಮ ಕಣಗಿಲೆ. ಕೆಂಪು, ಬಿಳಿ, ನಸುಗೆಂಪು ಹೂಗಳ ಈ ಗಿಡವನ್ನು ಪೂಜೆಯ ಹೂವಿಗಾಗಿ ಮನೆಗಳ ಮುಂದೆಯೂ, ನೋಟಕ್ಕಾಗಿ ರಸ್ತೆಗಳ ನಡುವೆಯೂ ಬೆಳೆಸುತ್ತಾರೆ. ಕಣಗಿಲೆಯ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಒಳಗೆ ಹೋದರೆ ಹೃದಯದ ಬಡಿತವನ್ನೇ ಕೆಡಿಸತಕ್ಕದ್ದು. ಹಳದಿ ಹೂವಿನ ಕಣಗಿಲೆ ಬೇರೆ ಜಾತಿಯಾದರೂ ವಿಷದಲ್ಲಿ ಕಡಿಮೆಯಲ್ಲ. ಅದರ ಬೀಜ ಬಹಳ ಅಪಾಯಕರ. ‘ಅರಳಿಯ ಎಲೆ ತೆಗೆದುಕೊಂಡು ಬಾ’ ಎಂದು ಮನೆಯ ಹಿರಿಯರು ಕನ್ನಡದಲ್ಲಿ ಹೇಳಿದರೆ, ಬೀದಿಯ ಗೆಳೆಯನನ್ನು ಕೇಳಿ ತರುವ ಮಗುವಿನ ಕೈಗೆ ಬರುವುದು ಕಣಗಿಲೆಯ ಎಲೆ. ಮದ್ದಿಗಾಗಿ ಎಲೆ ಬೇರು ತರಿಸುವ ಅಭ್ಯಾಸವುಳ್ಳ ಮನೆಗಳಲ್ಲಿ ಈ ಒಂದು ಹೆಸರನ್ನು ಮಕ್ಕಳಿಗೆ ಮರವನ್ನು ತೋರಿಸಿಯೇ ತಿಳಿಸಬೇಕು. ಅಶ್ವತ್ಥದ ಎಲೆ ಹೃದಯಾಕಾರ, ತುದಿ ಬಾಲದಂತೆ ನೀಳ, ಗಾಳಿಯಿಲ್ಲದಿದ್ದರೂ ಅಲುಗುತ್ತಿರುತ್ತದೆ. ಕಣಗಿಲೆಯ ಎಲೆ ಕಿರಿದು, ಕತ್ತಿಯಂತೆ ಉದ್ದ, ಗೆಣ್ಣಿಗೆ ಸಾಮಾನ್ಯವಾಗಿ ಮೂರು ಮೂರು. ಒಮ್ಮೆ ಕಂಡವರಿಗೆ ಮತ್ತೆ ಸಂದೇಹ ಹುಟ್ಟದು. (ಅಡುಗೆಮನೆಯಲ್ಲಿಯೂ ಇಂಥದೊಂದು ತಮಾಷೆಯುಂಟು. ಈ ಊರಿನ ಅಂಗಡಿಯಲ್ಲಿ ‘ಮಲ್ಲಿ’ ಕೇಳಿದರೆ ಕೊತ್ತಂಬರಿಯನ್ನು ಕಟ್ಟಿಕೊಡುತ್ತಾರೆ. ಅದರಿಂದ ಯಾರಿಗೂ ಹಾನಿಯಿಲ್ಲ.)

ಈಗ ಬೇವಿನ ಬಳಿಗೆ ಬರೋಣ. ಆರ್.ಎಸ್. ಪುರದಲ್ಲಿ ಒಂದೇ ಒಂದು ಮರವನ್ನು ವರ್ಷವಿಡೀ ನೋಡುವುದಾದರೆ ಬೇವನ್ನೇ ಆರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಬೇಸಗೆಯ ಮೊದಲಲ್ಲಿ ಹಳೆಯ ಎಲೆ ಉದುರಿ, ತಾಮ್ರವರ್ಣದ ಚಿಗುರು ಒಡೆದು, ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಮರದ ತುಂಬ ಸಣ್ಣ ಬಿಳಿಯ ಹೂ ತುಂಬುತ್ತದೆ. ಯುಗಾದಿಯ ದಿನ ನಾವು ಬೇವುಬೆಲ್ಲಕ್ಕಾಗಿ ಅದನ್ನು ಕೊಯ್ಯುತ್ತೇವೆ. ಏಪ್ರಿಲ್ ನಡುವೆ ಬರುವ ತಮಿಳು ವರ್ಷಾರಂಭದಂದು ನೆರೆಮನೆಯವರು ಬೇವಿನ ಹೂವಿನ ಪಚ್ಚಡಿಗಾಗಿ ಅದೇ ಕೊಂಬೆಯನ್ನು ಬಗ್ಗಿಸುತ್ತಾರೆ. ಹಬ್ಬ ಕಳೆದ ಮೇಲೆ ಮನುಷ್ಯರಾರೂ ಮರದ ಕಡೆ ನೋಡುವುದಿಲ್ಲ. ನಿಜವಾದ ಚಟುವಟಿಕೆ ಪ್ರಾರಂಭವಾಗುವುದು ಅನಂತರ.

ಬೇವು ಹೂಬಿಡುವ ಕಾಲಕ್ಕೆ ಕೋಗಿಲೆ ಕೂಗತೊಡಗುತ್ತದೆ. ‘ಕುಹೂ’ ಎಂದು ಏರುವ ದನಿ ಗಂಡಿನದು. ಅದು ಮಿರುಗುವ ಕಪ್ಪು, ಕಣ್ಣು ಮಾತ್ರ ಕೆಂಪು. ಹೆಣ್ಣು ಕಂದು, ಮೈತುಂಬ ಬಿಳಿಯ ಚುಕ್ಕೆ. ಅನೇಕರು ಇದನ್ನು ಬೇರೆಯೇ ಹಕ್ಕಿಯೆಂದು ತಿಳಿಯುತ್ತಾರೆ. ಇದೇ ಹೊತ್ತಿಗೆ ಕಾಗೆಗಳು ಕಡ್ಡಿ ಸಾಗಿಸಿ, ಒಮ್ಮೊಮ್ಮೆ ತಂತಿಯ ತುಂಡನ್ನೂ ಹೊತ್ತು, ಗೂಡು ಕಟ್ಟುತ್ತಿರುತ್ತವೆ. ಕೋಗಿಲೆ ಗೂಡು ಕಟ್ಟುವುದಿಲ್ಲ. ಗಂಡು ಕೋಗಿಲೆ ಕಾಗೆಗಳ ಕಣ್ಣಿಗೆ ಬಿದ್ದು ಅವನ್ನು ಅಟ್ಟಿಸಿಕೊಂಡು ಹೋಗುವಂತೆ ಮಾಡುತ್ತದೆ. ಆ ಸಮಯದಲ್ಲಿ ಹೆಣ್ಣು ಕಾಗೆಯ ಗೂಡಿಗೆ ನುಸುಳಿ ಮೊಟ್ಟೆಯಿಟ್ಟು ಹೋಗುತ್ತದೆ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಮುಂಚೆಯೇ ಒಡೆಯುವುದರಿಂದ ಮರಿಗೆ ಮೊದಲ ತುತ್ತು ಸಿಗುತ್ತದೆ. ಕಾಗೆ ತನ್ನ ಮರಿಗಳೊಂದಿಗೆ ಅದನ್ನೂ ಸಾಕುತ್ತದೆ. ಬೇಸಗೆಯ ಕೊನೆಯಲ್ಲಿ ಕಾಂಪೌಂಡು ಗೋಡೆಯ ಮೇಲೆ ಚುಕ್ಕೆಯ ಮರಿಯೊಂದು ಬಾಯ್ದೆರೆದು ಅರಚುತ್ತಿರುವುದನ್ನೂ, ಕಾಗೆಯೊಂದು ಅದರ ಬಾಯಿಗೆ ಅನ್ನದ ಅಗುಳು ಇಡುತ್ತಿರುವುದನ್ನೂ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಜೂನ್ ಜುಲೈ ತಿಂಗಳುಗಳಲ್ಲಿ ಬೇವಿನ ಹಣ್ಣು ಹಳದಿಯಾಗುತ್ತದೆ. ಕಾಗೆ, ಕೋಗಿಲೆ, ಗೊರವಂಕ, ಪಿಕಳಾರ ಎಲ್ಲವೂ ಒಂದೇ ಮರಕ್ಕೆ ಬಂದು ಸೇರುತ್ತವೆ. ತಿರುಳನ್ನು ತಿಂದು ಬೀಜವನ್ನು ಬೇರೆಲ್ಲಿಯೋ ಕೂತು ಉಗುಳುತ್ತವೆ. ಬೇವಿನ ಬೀಜಕ್ಕೆ ಮೊಳೆಯುವ ಶಕ್ತಿ ಕೆಲವು ವಾರಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಬಿದ್ದ ಬೀಜ ಬೇಗನೆ ತೇವದ ಮಣ್ಣನ್ನು ಸೇರಬೇಕು. ಹಕ್ಕಿ ಕೂರುವ ಬೇಲಿಯ ಕೆಳಗೆ, ತಂತಿಯ ಕೆಳಗೆ, ಗೋಡೆಯಂಚಿಗೆ ಬೇವಿನ ಸಸಿಗಳು ಸಾಲಾಗಿ ಹುಟ್ಟಿರುವುದಕ್ಕೆ ಕಾರಣ ಇದೇ. ಯಾರೂ ನೆಡಲಿಲ್ಲ, ಹುಟ್ಟಿತು ಎನ್ನುತ್ತೇವೆ. ನೆಟ್ಟವರು ಇದ್ದರು, ಅವರಿಗೆ ರೆಕ್ಕೆಯಿತ್ತು. ಹಳೆಯ ಕಟ್ಟಡಗಳ ಬಿರುಕಿನಲ್ಲಿ ಅಶ್ವತ್ಥ ಮೊಳೆಯುವುದೂ ಹೀಗೆಯೇ.

ಕೋಗಿಲೆಯ ಬಂಧುವೊಂದು ಇದೇ ಬೀದಿಗಳಲ್ಲಿದೆ. ಅದರ ಬಾಳು ಮಾತ್ರ ಬೇರೆ. ಕಾಗೆಯಷ್ಟು ದೊಡ್ಡದು, ಮೈ ಕಪ್ಪು, ರೆಕ್ಕೆ ಇಟ್ಟಿಗೆಯ ಕೆಂಪು, ಕಣ್ಣು ಕೆಂಪು. ಪೊದೆಯ ಕೆಳಗೆ ಗಂಭೀರವಾಗಿ ನಡೆಯುತ್ತ ‘ಊಪ್, ಊಪ್’ ಎಂದು ಮಡಕೆಯೊಳಗಿನಿಂದ ಬಂದಂಥ ದನಿ ತೆಗೆಯುತ್ತದೆ. ಇದೇ ಕೆಂಬೂತ, ನವಿಲನ್ನು ನೋಡಿ ಪುಕ್ಕ ಕೆದರಿತೆಂದು ಗಾದೆಯಲ್ಲಿ ನಗೆಗೀಡಾದ ಹಕ್ಕಿ. ತಮಿಳಿನಲ್ಲಿ ‘ಸೆಂಬೋತ್ತು’. ನಮ್ಮ ಕಿವಿ ತಮಿಳಿನಲ್ಲಿ ಸೆವಿಯಾಗುವಂತೆ ನಮ್ಮ ‘ಕೆಂ’ ಅಲ್ಲಿ ‘ಸೆಂ’ ಆಗಿದೆ. ಕೋಗಿಲೆಯ ಕುಲದಲ್ಲಿ ಹುಟ್ಟಿಯೂ ಕೆಂಬೂತ ತನ್ನ ಗೂಡನ್ನು ತಾನೇ ಕಟ್ಟಿ ಮರಿಗಳನ್ನು ತಾನೇ ಸಾಕುತ್ತದೆ. ಗಾದೆ ಅದಕ್ಕೆ ನ್ಯಾಯ ಮಾಡಿಲ್ಲವೆಂದೇ ನಮಗೆ ತೋರುತ್ತದೆ. ದಟ್ಟವಾದ ಬೇಲಿಯಿರುವ ಹಳೆಯ ಅಂಗಳಗಳಲ್ಲಿ ಮಾತ್ರ ಇದು ಉಳಿಯುತ್ತದೆ. ಬೇಲಿ ಹೋಗಿ ಗೋಡೆ ಬಂದ ಕಡೆ ಕಾಣಸಿಗುವುದಿಲ್ಲ.

ಕೈತೋಟಗಳ ಒಳಗೆ ಇಣಿಕಬೇಕಾದರೆ ಮನೆಯವರ ಅಪ್ಪಣೆ ಪಡೆಯುವುದು ಒಳ್ಳೆಯದು. ಆದರೆ ಗೇಟಿನ ಹೊರಗೆ ನಿಂತೇ ಕಾಣುವಷ್ಟು ಇರುತ್ತದೆ. ದಾಸವಾಳದ ಹೂವಿಗೆ ಹೆಬ್ಬೆರಳಿನಷ್ಟು ಚಿಕ್ಕ ಹಕ್ಕಿಯೊಂದು ಬಂದು, ಬಾಗಿದ ಕೊಕ್ಕನ್ನು ಹೂವಿನ ಬುಡಕ್ಕೆ ಚುಚ್ಚಿ ಮಧುವನ್ನು ಹೀರಿಕೊಂಡು ಹೋಗುತ್ತದೆ. ಇದು ಸೂರಕ್ಕಿ; ತಮಿಳಿನಲ್ಲಿ ‘ತೇನ್‌ಚಿಟ್ಟು’. ದಾಸವಾಳದ ಹೂ ಉದ್ದವಾದುದರಿಂದ ಬಾಯಿಯಿಂದ ಹೋಗದೆ ಬುಡದಲ್ಲಿ ತೂತು ಮಾಡಿ ಕದಿಯುವುದೂ ಉಂಟು. ಇದರ ಗೂಡು ತೆಳುವಾದ ಕೊಂಬೆಯ ತುದಿಗೆ, ಒಮ್ಮೊಮ್ಮೆ ಜಗಲಿಯ ತಂತಿಗೆ, ಜೋತುಬಿದ್ದ ಕಸದ ಗಂಟಿನಂತೆ ತೋರುತ್ತದೆ. ನಾರು, ತೊಗಟೆಯ ಚೂರು, ಒಣ ಎಲೆಗಳನ್ನು ಜೇಡರ ಬಲೆಯಿಂದ ಬಿಗಿದು ಕಟ್ಟಿದ್ದು. ಕಸವೆಂದು ಗುಡಿಸಿ ಹಾಕುವ ಮುನ್ನ ಒಂದು ಕ್ಷಣ ನೋಡುವುದು ಲೇಸು.

ಇಂಥದೇ ಇನ್ನೊಂದು ವಿಷಯವನ್ನು ತಾಯಂದಿರಿಗೆ ಹೇಳಬೇಕಾಗಿದೆ. ಕರಿಬೇವಿನ ಗಿಡದ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂದು ಬಿಳಿಯ ಸಣ್ಣ ಮಚ್ಚೆ ಕಾಣುವುದುಂಟು. ಹತ್ತಿರದಿಂದ ನೋಡಿದರೆ ಅದು ಹುಳು. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನದಷ್ಟೆ. ಆ ವೇಷವೇ ಇದರ ರಕ್ಷೆ. ಬೆಳೆದಂತೆ ವೇಷ ಬದಲಾಗಿ ಎಲೆಯ ಹಸಿರು ಬಣ್ಣ ಬರುತ್ತದೆ. ಆಗ ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಾದ ಕವಲುಗೊಂಬೊಂದು ಹೊರಬಂದು ಘಾಟುವಾಸನೆ ಬೀರುತ್ತದೆ. ಕೋಶ ಕಟ್ಟಿ ಸುಮಾರು ಎರಡು ವಾರಗಳ ಮೇಲೆ ಹೊರಬರುವುದು ಕಪ್ಪು ರೆಕ್ಕೆಯ ದೊಡ್ಡ ಚಿಟ್ಟೆ. ಇದರ ಹೆಣ್ಣುಗಳಲ್ಲಿ ಕೆಲವು, ಹಕ್ಕಿಗಳು ವಿಷವೆಂದು ತೊರೆಯುವ ಬೇರೊಂದು ಚಿಟ್ಟೆಯ ಕೆಂಪು ಚುಕ್ಕೆಗಳನ್ನೇ ಅನುಕರಿಸುತ್ತವೆ. ಹುಳು ತಿನ್ನುವುದು ನಾಲ್ಕಾರು ಎಸಳು. ಗಿಡ ಮತ್ತೆ ಚಿಗುರುತ್ತದೆ. ಹುಳುವನ್ನು ಕಿತ್ತೆಸೆದ ಕೈಯೇ ಮುಂದಿನ ತಿಂಗಳು ‘ಈಗೀಗ ಚಿಟ್ಟೆಗಳೇ ಇಲ್ಲ’ ಎಂದು ಬೀಸುವುದನ್ನು ಕಂಡಿದ್ದೇವೆ. ಕರಿಬೇವಿನ ಕಪ್ಪು ಹಣ್ಣು ಪಿಕಳಾರ, ಕೋಗಿಲೆಗಳಿಗೆ ಪ್ರಿಯ. ಹೂವೆಲ್ಲವನ್ನೂ ಚಿವುಟದೆ ಒಂದು ಗೊಂಚಲು ಬಿಟ್ಟರೆ ಅವು ಅಂಗಳಕ್ಕೆ ಬರುತ್ತವೆ.

ಮಕ್ಕಳಿಗೆ ಅಚ್ಚುಮೆಚ್ಚಿನ ಗಸಗಸೆ ಹಣ್ಣಿನ ಮರವೂ ಅಮೆರಿಕದಿಂದ ಬಂದುದೇ. ಅದರ ಕೆಂಪು ಹಣ್ಣಿಗಾಗಿ ಹಗಲು ಅಳಿಲು, ಪಿಕಳಾರ, ಹೂಕುಟುಕಗಳು, ರಾತ್ರಿ ಬಾವಲಿಗಳು ಬರುತ್ತವೆ. ಹೂಕುಟುಕವೆಂಬುದು ಸೂರಕ್ಕಿಗಿಂತಲೂ ಚಿಕ್ಕದಾದ ಬೂದುಬಣ್ಣದ ಹಕ್ಕಿ; ‘ಚಿಕ್, ಚಿಕ್’ ಎಂಬ ಸದ್ದಿನಿಂದಲೇ ಅದನ್ನು ಗುರುತಿಸಬೇಕು. ಮಾವಿನ ಮರಗಳಲ್ಲಿ ಬೇರೆ ಬಗೆಯ ಎಲೆಯ ಗೊಂಚಲು ಬೆಳೆದಿರುವುದನ್ನು ನೋಡಿರಬಹುದು. ಅದು ಬಂದಳಿಕೆ, ತಮಿಳಿನ ‘ಪುಲ್ಲುರುವಿ’. ಬಂದಳಿಕೆಯ ಹಣ್ಣನ್ನು ನುಂಗಿದ ಹೂಕುಟುಕ ಬೀಜವನ್ನು ಹೊರಹಾಕುವಾಗ ಅದು ಅಂಟಂಟಾಗಿರುತ್ತದೆ. ಹಕ್ಕಿ ಮೈಯನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲಿಯೇ ಅಂಟಿ, ಮೊಳೆತು, ಬೇರನ್ನು ಮರದೊಳಕ್ಕೆ ಇಳಿಸುತ್ತದೆ. ಮಾವಿಗೆ ಇದು ಹಾನಿ. ಹೂಕುಟುಕಕ್ಕೆ ಇದೇ ಜೀವನ.

ಕಣ್ಣಿಗೆ ಬೀಳದೆ ಕಿವಿಗೆ ಮಾತ್ರ ಬೀಳುವ ಹಕ್ಕಿಯೊಂದುಂಟು. ಬಿಸಿಲೇರಿದ ಮೇಲೆ ‘ಟುಕ್, ಟುಕ್, ಟುಕ್’ ಎಂದು, ಕಂಚುಗಾರನು ಪಾತ್ರೆಗೆ ಬಡಿದಂತೆ, ಒಂದೇ ಅಳತೆಯಲ್ಲಿ ಬಡಿಯುತ್ತದೆ. ಕೂಗುವಾಗ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಹಸಿರು ಮೈ, ಹಣೆಯೂ ಎದೆಯೂ ಕಡುಗೆಂಪು, ಗಾತ್ರ ಗುಬ್ಬಿಗಿಂತ ತುಸು ದೊಡ್ಡದು. ಇದೇ ಕಂಚುಗಾರ ಹಕ್ಕಿ. ಒಣಗಿದ ಕೊಂಬೆಯ ಕೆಳಮಗ್ಗುಲಿನಲ್ಲಿ ಗುಂಡಾದ ರಂಧ್ರ ಕೊರೆದು ಅದರಲ್ಲಿ ಮರಿ ಮಾಡುತ್ತದೆ. ಅದು ಬಿಟ್ಟುಹೋದ ಪೊಟರೆಯನ್ನು ಬೇರೆ ಹಕ್ಕಿಗಳು ಬಳಸಿಕೊಳ್ಳುತ್ತವೆ. ಗಿಳಿ, ಗೂಬೆಗಳಿಗೆ ಹಳೆಯ ಮರಗಳ ದೊಡ್ಡ ಪೊಟರೆಗಳೇ ಬೇಕು. ಜನರ ತಲೆಯ ಮೇಲೆ ಬೀಳುವಂತಿರುವ ಒಣಕೊಂಬೆಯನ್ನು ಕಡಿಯಲೇಬೇಕು. ಆದರೆ ಅಂಗಳದ ಮೂಲೆಯಲ್ಲಿ ಯಾರಿಗೂ ತೊಂದರೆಯಿಲ್ಲದೆ ನಿಂತ ಒಣಕೊಂಬೆ ವ್ಯರ್ಥವಾದುದಲ್ಲ.

ಈ ಬಡಾವಣೆಗೆ ದೊರೆತ ಭಾಗ್ಯವೆಂದರೆ ಎರಡು ದೊಡ್ಡ ಹಸಿರು ಆವರಣಗಳ ನೆರೆ. ಕೌಲಿ ಬ್ರೌನ್ ರಸ್ತೆಯಲ್ಲಿರುವ ಅರಣ್ಯ ಕಾಲೇಜಿನ ಆವರಣ ಒಂದು. ಅಲ್ಲಿಯ ಗಾಸ್ ಅರಣ್ಯ ವಸ್ತುಸಂಗ್ರಹಾಲಯ 1902ರಲ್ಲಿ ಪ್ರಾರಂಭವಾಯಿತು. ಅರಣ್ಯಾಧಿಕಾರಿ ಗಾಸ್ ಅವರ ಹೆಸರು ಅದಕ್ಕಿದೆ. 1912ರಲ್ಲಿ ಅರಣ್ಯ ಕಾಲೇಜು ಬಂದಿತು. 1988ರಲ್ಲಿ ಮರಗಳ ತಳಿಗಳನ್ನು ಸುಧಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅಲ್ಲಿಯೇ ನೆಲೆಗೊಂಡಿತು. ಇನ್ನೊಂದು, ಲಾಲಿ ರಸ್ತೆಯಾಚೆಯ ಕೃಷಿ ವಿಶ್ವವಿದ್ಯಾಲಯ. ಕಾಲೇಜಾಗಿ 1906ರಿಂದ ಇಲ್ಲಿದ್ದು, 1971ರಲ್ಲಿ ವಿಶ್ವವಿದ್ಯಾಲಯವಾಯಿತು. ಭಾರತೀಯ ಸಸ್ಯ ಸರ್ವೇಕ್ಷಣ ಇಲಾಖೆಯ ದಕ್ಷಿಣ ಕೇಂದ್ರ 1955ರಿಂದ ಕೊಯಮತ್ತೂರಿನಲ್ಲಿದ್ದು, ಅದರ ಭಂಡಾರದಲ್ಲಿ ದಕ್ಷಿಣ ಭಾರತದ ಗಿಡಗಳನ್ನು ಒಣಗಿಸಿ, ಹೆಸರು, ಸ್ಥಳ, ದಿನಾಂಕ ಬರೆದು ಕಾಪಾಡಲಾಗಿದೆ. ಆವರಣಗಳೊಳಕ್ಕೆ ಹೋಗಲು ಅಪ್ಪಣೆ ಬೇಕು. ಹಕ್ಕಿಗಳಿಗೆ ಬೇಡ, ಅವು ಅಲ್ಲಿ ಇದ್ದು, ಬೀದಿಗೆ ಬಂದು ಹೋಗುತ್ತವೆ. ನಡುವೆ ಅಂಗಳದ ಮರಗಳ ಸರಪಣಿಯಿರುವವರೆಗೆ ಮಾತ್ರ ಈ ಬರವುಹೋಗುವಿಕೆ ನಡೆಯುತ್ತದೆ.

ಆ ಸರಪಣಿಯ ಕೊಂಡಿಗಳು ಕಳಚುತ್ತಿವೆಯೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಅಂಗಳವುಳ್ಳ ಮನೆಗಳು ಅನೇಕ ಕಡೆ ಅಂಗಡಿಗಳಾಗಿ, ಬಹುಮಹಡಿಯ ವಸತಿಗಳಾಗಿ ಮಾರ್ಪಟ್ಟಿವೆ. ಜನಕ್ಕೆ ಮನೆ ಬೇಕು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಆದರೆ ಉಳಿದ ಮರದ ಬುಡಕ್ಕೆ ಕಾಂಡದವರೆಗೂ ಸಿಮೆಂಟು ಬಳಿಯುವುದಕ್ಕೆ ಯಾವ ಅವಶ್ಯಕತೆಯೂ ಇಲ್ಲ. ಬೇರಿಗೆ ನೀರಿನಂತೆಯೇ ಗಾಳಿಯೂ ಬೇಕು. ಎರಡೂ ಮಣ್ಣಿನ ಮೇಲ್ಮೈಯಿಂದಲೇ ಇಳಿಯಬೇಕು. ಬುಡದ ಸುತ್ತ ಒಂದು ಮೊಳವಾದರೂ ಮಣ್ಣನ್ನು ತೆರೆದು ಬಿಟ್ಟರೆ, 60 ಸೆಂಟಿಮೀಟರ್ ಮಳೆಯ ಊರಿನಲ್ಲಿ ಅದು ಮರಕ್ಕೆ ದೊಡ್ಡ ಉಪಕಾರ. ಗುಬ್ಬಿಯ ಮಾತೂ ಹೀಗೆಯೇ. ಹೆಂಚಿನ ಮಾಡಿನ ಸಂದುಗಳು ಹೋದುವು. ಮರಿಗಳಿಗೆ ಉಣಿಸಲು ಹುಳುಗಳಿದ್ದ ಪೊದೆಗಳೂ ಹೋದುವು. ಬರಿಯ ಅಕ್ಕಿ ಚೆಲ್ಲಿದರೆ ದೊಡ್ಡ ಗುಬ್ಬಿ ತಿಂದೀತು, ಮರಿ ಬೆಳೆಯಲಾರದು.

ಅಕ್ಟೋಬರ್ ಮಳೆ ಬಿದ್ದ ಮೇಲೆ ಬೀದಿಗೆ ಹೊಸ ಅತಿಥಿಗಳು ಬರುತ್ತಾರೆ. ಕಂದುಬಣ್ಣದ, ಯಾವ ಗುರುತೂ ಇಲ್ಲದ ಪುಟ್ಟ ಹಕ್ಕಿಯೊಂದು ಬೇಲಿಯೊಳಗೆ ಅಡಗಿ ‘ಚಕ್, ಚಕ್’ ಎಂದು ಕಲ್ಲಿಗೆ ಕಲ್ಲು ತಟ್ಟಿದಂತೆ ಸದ್ದು ಮಾಡುತ್ತಿರುತ್ತದೆ. ಕಲ್ಕತ್ತೆಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲಿತ್ ಎಂಬ ಪಕ್ಷಿಶಾಸ್ತ್ರಜ್ಞನ ಹೆಸರು ಇದಕ್ಕೆ ಸೇರಿದೆ. ಇದು ಮರಿ ಮಾಡುವುದು ಏಷ್ಯದ ಉತ್ತರ ಭಾಗಗಳಲ್ಲಿ, ಫಿನ್‌ಲೆಂಡಿನವರೆಗೂ. ಅಂಗೈಯಲ್ಲಿ ಅಡಗುವ ಈ ಜೀವ ಅಷ್ಟು ದೂರದಿಂದ ಹಾರಿಬಂದು ಆರ್.ಎಸ್. ಪುರದ ದಾಸವಾಳದ ಪೊದೆಯಲ್ಲಿ ಏಪ್ರಿಲ್ ತಿಂಗಳವರೆಗೆ ಇರುತ್ತದೆ. ಹೊನ್ನಕ್ಕಿಯೂ ಚಳಿಗಾಲದ ಅತಿಥಿಯೇ. ಇದೇ ದಿನಗಳಲ್ಲಿ ಆಕಾಶಮಲ್ಲಿಗೆಯ ಮರ, ತಮಿಳರ ‘ಮರಮಲ್ಲಿ’, ರಾತ್ರಿ ಅರಳಿ ಬೆಳಗಿಗೆ ಕಾಲುದಾರಿಯನ್ನು ಬಿಳಿಯ ಹೂವಿನಿಂದ ಮುಚ್ಚುತ್ತದೆ. ಸಂಜೆಯಲ್ಲಿ ಸಮೀಪದ ಮುತ್ತಣ್ಣನ್ ಕುಳದ ಕಡೆ ಬೆಳ್ಳಕ್ಕಿಗಳ ಸಾಲು ಹಾರುವುದನ್ನು ಮಹಡಿಯ ಮೇಲೆ ನಿಂತು ನೋಡಬಹುದು.

ಕಂಡದ್ದನ್ನು ಬರೆದಿಡುವ ಕ್ರಮ ಬಹಳ ಸುಲಭ. ಒಂದು ನೋಟುಪುಸ್ತಕ ಸಾಕು. ಎಡಗಡೆ ಕನ್ನಡದ ಹೆಸರು, ಬಲಗಡೆ ತಮಿಳಿನ ಹೆಸರು. ಒಂದು ತಿಳಿಯದಿದ್ದರೆ ಜಾಗ ಖಾಲಿ ಬಿಟ್ಟು, ಅಜ್ಜಿಯನ್ನೋ ಹೂವಿನಂಗಡಿಯ ಅಮ್ಮನನ್ನೋ ಕೇಳಬೇಕು. ಮನೆಯ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಒಂದೇ ದಿನ ನೋಡಿ, ಚಿಗುರು ಇದೆಯೆ, ಮೊಗ್ಗು ಇದೆಯೆ, ಹೂ, ಕಾಯಿ, ಹಣ್ಣು ಇವೆಯೆ ಎಂದು ತಾರೀಖಿನೊಡನೆ ಗುರುತು ಹಾಕಬೇಕು. ಮುಂದಿನ ವರ್ಷ ಅದೇ ಮರ ಹತ್ತು ದಿನ ಮುಂಚೆ ಹೂಬಿಟ್ಟರೆ, ಅದನ್ನು ಹೇಳಬಲ್ಲವರು ಆ ಬೀದಿಯಲ್ಲಿ ನೀವೊಬ್ಬರೇ ಆಗಿರುತ್ತೀರಿ. ಗೂಡನ್ನು ಮುಟ್ಟಕೂಡದು, ಮರಿಯನ್ನು ಎತ್ತಕೂಡದು, ಹಕ್ಕಿಯನ್ನು ನೋಡುತ್ತ ರಸ್ತೆಯ ನಡುವೆ ನಿಲ್ಲಕೂಡದು.

ತಮಿಳುನಾಡಿನಲ್ಲಿ 2015ರಿಂದ ಪ್ರತಿ ವರ್ಷ ಜನವರಿಯಲ್ಲಿ, ಪೊಂಗಲ್ ಹಬ್ಬದ ನಾಲ್ಕು ದಿನಗಳಲ್ಲಿ, ಹಕ್ಕಿಗಳ ಎಣಿಕೆ ನಡೆಯುತ್ತದೆ. ಯಾರು ಬೇಕಾದರೂ ಸೇರಬಹುದು. ದೊಡ್ಡವರ ಜೊತೆಯಲ್ಲಿ ಮಕ್ಕಳೂ ಸೇರಬಹುದು. ಮನೆಯ ಮಹಡಿಯಲ್ಲಿಯೋ ಬೀದಿಯಲ್ಲಿಯೋ ಕನಿಷ್ಠ 15 ನಿಮಿಷ ನಿಂತು, ಕಂಡ ಮತ್ತು ಕೇಳಿದ ಹಕ್ಕಿಗಳನ್ನೆಲ್ಲ ಬರೆದು ಕಳುಹಿಸುವುದು ನಿಯಮ. ನಮಗೆ ಅದು ಸಂಕ್ರಾಂತಿಯ ಸಮಯ; ಎಳ್ಳುಬೆಲ್ಲ ಹಂಚಲು ಮನೆಯಿಂದ ಮನೆಗೆ ಹೇಗೂ ನಡೆಯುತ್ತೇವೆ. ತಟ್ಟೆಯ ಜೊತೆಗೆ ಪುಸ್ತಕವನ್ನೂ ಪೆನ್ಸಿಲನ್ನೂ ಹಿಡಿದು ಹೊರಟರೆ ಸಾಕು. ಬೆಳಗ್ಗೆ ಏಳರಿಂದ ಎಂಟರೊಳಗೆ ಹಕ್ಕಿಗಳು ಹೆಚ್ಚು ಕಾಣುತ್ತವೆ. ಪಟ್ಟಿಯಲ್ಲಿ ಕಾಗೆಯನ್ನು ಮರೆತುಬಿಡುವವರು ಬಹಳ, ಅದನ್ನೂ ಎಣಿಸಬೇಕು.